ಅಂಡಮಾನಿನಲ್ಲಿ ಲಘು ಭೂಕಂಪ, ಆಳ 10 ಕಿ.ಮೀ.

ಅಂಡಮಾನ್ ಸಮುದ್ರದಲ್ಲಿ ಭೂಕಂಪ, ತೀವ್ರತೆ 4.5, ಆಳ 10 ಕಿ.ಮೀ., ಸುನಾಮಿ ಭೀತಿಯಿಲ್ಲ. ಈ ಧಾಟಿಯ ಸುದ್ದಿ ನಮ್ಮ ಮೊಬೈಲಿಗೆ ಆಗಾಗ ಬರುತ್ತದೆ. ಓದುತ್ತೇವೆ, ಮರೆಯುತ್ತೇವೆ. ನೌಕಾಪಡೆಯಲ್ಲೋ ವಾಯುಪಡೆಯಲ್ಲೋ ಮನೆಯವರೊಬ್ಬರು ಅಲ್ಲಿದ್ದರೆ ಮಾತ್ರ ತಕ್ಷಣ ಫೋನ್ ಮಾಡುತ್ತೇವೆ.

ಆ 10 ಕಿ.ಮೀ. ಎಂಬ ಅಂಕಿ ಕುತೂಹಲದ್ದು. 70 ಕಿ.ಮೀ.ಗಿಂತ ಕಡಿಮೆ ಆಳದ್ದೆಲ್ಲ ವಿಜ್ಞಾನಿಗಳ ಲೆಕ್ಕದಲ್ಲಿ ಮೇಲ್ಮಟ್ಟದ ಭೂಕಂಪವೇ. ನಡುಗಡಲಿನಲ್ಲಿ ಭೂಮಿ ಅಲುಗಿದಾಗ ಹತ್ತಿರದಲ್ಲಿ ಸಾಕಷ್ಟು ಮಾಪನ ಕೇಂದ್ರಗಳಿರುವುದಿಲ್ಲ, ಆಳ ಖಚಿತವಾಗಿ ಸಿಗುವುದಿಲ್ಲ. ಆಗ 10 ಎಂದಿಟ್ಟುಕೊಂಡು ಉಳಿದ ಲೆಕ್ಕ ಮಾಡುವುದು ರೂಢಿ. ಸುದ್ದಿಯಲ್ಲಿ ಅದೇ ಅಂಕಿ ಮತ್ತೆ ಮತ್ತೆ ಕಾಣಲು ಇದೂ ಒಂದು ಕಾರಣ.

ಸಣ್ಣ ಕಂಪನಗಳು ಒತ್ತಡ ಇಳಿಸುತ್ತವೆ, ದೊಡ್ಡದು ತಪ್ಪುತ್ತದೆ ಎಂಬ ಸಮಾಧಾನದ ಮಾತನ್ನು ನೀವೂ ಕೇಳಿರುತ್ತೀರಿ. ಲೆಕ್ಕ ಒಪ್ಪುವುದಿಲ್ಲ. ತೀವ್ರತೆ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 2004ರ ಡಿಸೆಂಬರ್ 26ರ ಭೂಕಂಪ 9.1ರದ್ದು. ಅಷ್ಟು ಶಕ್ತಿ ಹೊರಬೀಳಲು 4.5ರ ಕಂಪನಗಳು ಸುಮಾರು 80 ಲಕ್ಷ ಬೇಕು. ದಿನಕ್ಕೊಂದರಂತೆ ಎಣಿಸಿದರೂ 21 ಸಾವಿರ ವರ್ಷ ದಾಟುತ್ತದೆ!

ಹಾಗೆಂದು ಸಣ್ಣದೆಲ್ಲ ದೊಡ್ಡದರ ಮುನ್ಸೂಚನೆಯೂ ಅಲ್ಲ. 2005ರ ಜನವರಿ ಕೊನೆಯಲ್ಲಿ ಅಂಡಮಾನ್ ಸಮುದ್ರದಲ್ಲಿ ಕೆಲವೇ ದಿನಗಳಲ್ಲಿ 5ಕ್ಕೂ ಮೇಲ್ಪಟ್ಟ ನೂರೈವತ್ತಕ್ಕೂ ಹೆಚ್ಚು ಕಂಪನಗಳಾದವು. ಅದರ ಬೆನ್ನಿಗೆ ಮಹಾಕಂಪನವೇನೂ ಬರಲಿಲ್ಲ. ಆದರೆ ಸುನಾಮಿಯಲ್ಲಿ ಮನೆ ಕಳೆದುಕೊಂಡು ಇನ್ನೂ ಒಂದು ತಿಂಗಳಾಗಿತ್ತಷ್ಟೆ. ಶಿಬಿರದಲ್ಲಿ ಮಲಗಿದವರಿಗೆ ಆ ರಾತ್ರಿಗಳು ಹೇಗಿದ್ದಿರಬೇಕು?

ಭಾರತದ ಭೂಫಲಕ ಬರ್ಮಾ ಫಲಕದಡಿ ನುಸುಳುವ ಗಡಿಯಲ್ಲೇ ಈ ದ್ವೀಪಗಳಿವೆ. 2004ರಲ್ಲಿ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿನಷ್ಟು ಕುಸಿದು ದೀಪಸ್ತಂಭದ ಬುಡಕ್ಕೆ ಕಡಲು ಬಂತು. ಉತ್ತರ ಅಂಡಮಾನಿನಲ್ಲಿ ನೆಲ ಮೀಟರಿನಷ್ಟು ಎದ್ದು ಹವಳದ ದಿಬ್ಬಗಳು ಬಿಸಿಲಿಗೆ ಸತ್ತವು. 1881ರಲ್ಲೂ ಕಾರ್ ನಿಕೋಬಾರ್ ಬಳಿ ದೊಡ್ಡ ಭೂಕಂಪವಾಗಿ ಸಣ್ಣ ಸುನಾಮಿ ಎದ್ದಿತ್ತು.

ಚೆನ್ನೈಯವರಿಗೆ ಎಚ್ಚರಿಕೆ ಈಗ ಹೈದರಾಬಾದಿನ ಇನ್‌ಕಾಯಿಸ್‌ನಿಂದ ಬರುತ್ತದೆ. ಅಲ್ಲಿನ ಸುನಾಮಿ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿ 8.6ರ ಕಂಪನವಾದಾಗ ಚೆನ್ನೈ, ಬೆಂಗಳೂರುಗಳಲ್ಲೂ ಜನ ಕಚೇರಿಗಳಿಂದ ಹೊರಗೋಡಿ ಬಂದಿದ್ದರು. ಸಮುದ್ರತಳ ಮೇಲೇಳದೆ ಅಡ್ಡಡ್ಡ ಸರಿದದ್ದರಿಂದ ದೊಡ್ಡ ಅಲೆ ಏಳಲಿಲ್ಲ.

2004ರಲ್ಲಿ ಅಲೆ ಚೆನ್ನೈ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿದಿತ್ತು. ನಿಕೋಬಾರಿನವರಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಅಲ್ಲಿರುವ ನಿಮ್ಮವರಿಗೆ ಫೋನ್ ಮಾಡಿದಾಗ ಇದಿಷ್ಟು ಹೇಳಿ: ಪಾತ್ರೆ ಅಲುಗಿ ನಿಂತರೆ ಸರಿ. ನಿಲ್ಲಲಾಗದಷ್ಟು ಜೋರಾಗಿ ನಡುಗಿದರೆ, ಅಥವಾ ನಡುಕ ಅರ್ಧ ನಿಮಿಷವಾದರೂ ನಿಲ್ಲದಿದ್ದರೆ, ಸೈರನ್ನಿಗೂ ಮೆಸೇಜಿಗೂ ಕಾಯದೆ ಎತ್ತರದ ಜಾಗಕ್ಕೆ ನಡೆಯಬೇಕು.