ಸಮರಕಾಲದ ಹಂಗಾಮಿ ಅಧ್ಯಕ್ಷ: ಪೆದ್ರೊ ಮರಿಯಾ ಆನಾಯಾ

ರಾಷ್ಟ್ರಾಧ್ಯಕ್ಷನೇ ದಂಡನಾಯಕನಾಗಿ ರಣರಂಗಕ್ಕೆ ತೆರಳಿದರೆ ರಾಜಧಾನಿಯಲ್ಲಿ ಆಡಳಿತಸೂತ್ರವನ್ನು ಹಿಡಿಯತಕ್ಕವರು ಯಾರು? ಅಮೆರಿಕದ ಸಂಯುಕ್ತ ಸಂಸ್ಥಾನಗಳೊಡನೆ 1846ರಿಂದ 1848ರವರೆಗೆ ನಡೆದ ಯುದ್ಧದಲ್ಲಿ ಮೆಕ್ಸಿಕೊ ಗಣರಾಜ್ಯಕ್ಕೆ ಈ ಪ್ರಶ್ನೆ ಎದುರಾಯಿತು. ಆ ಯುದ್ಧಕಾಲದಲ್ಲಿ ಎರಡು ಸಲ ಹಂಗಾಮಿ ಅಧ್ಯಕ್ಷಪದವಿಯನ್ನು ವಹಿಸಿದವನು ಸೇನಾನಿ ಪೆದ್ರೊ ಮರಿಯಾ ಆನಾಯಾ.

ವಿಚಾಪಾನ್ ಎಂಬ ಊರಿನಲ್ಲಿ ಹುಟ್ಟಿದ ಆನಾಯಾ 1811ರಲ್ಲಿ ಸ್ಪೇನಿನ ರಾಜಸೈನ್ಯವನ್ನು ಸೇರಿದನು. 1821ರಲ್ಲಿ ಸ್ವಾತಂತ್ರ್ಯಪಕ್ಷವನ್ನು ಹಿಡಿದನು. 1845ರಲ್ಲಿ ಯುದ್ಧಮಂತ್ರಿಯೂ ಆದನು.

1847ರ ಆರಂಭದಲ್ಲಿ ಅಧ್ಯಕ್ಷ ಸಾಂತಾ ಆನ್ನಾ ದಂಡಿನೊಡನೆ ಇದ್ದುದರಿಂದ ಉಪಾಧ್ಯಕ್ಷ ಗೋಮೆಸ್ ಫರಿಯಾಸ್ ಆಡಳಿತ ನಡೆಸುತ್ತಿದ್ದನು. ಯುದ್ಧವೆಚ್ಚಕ್ಕಾಗಿ ಚರ್ಚಿನ ಆಸ್ತಿಯಿಂದ 1.5 ಕೋಟಿ ಪೆಸೊಗಳನ್ನು ಎತ್ತಲು ಅವನು ತಂದ ಕಾನೂನು ರಾಜಧಾನಿಯಲ್ಲಿಯೇ ದಂಗೆಗೆ ಕಾರಣವಾಯಿತು. ಕೊನೆಗೆ ಶಾಸನಸಭೆಯು ಉಪಾಧ್ಯಕ್ಷಪದವಿಯನ್ನೇ ರದ್ದುಗೊಳಿಸಿ, ಏಪ್ರಿಲಿನಲ್ಲಿ ಆನಾಯಾನನ್ನು ಹಂಗಾಮಿ ಅಧ್ಯಕ್ಷನನ್ನಾಗಿ ಆರಿಸಿತು. ಮೇ 20ರಂದು ಸಾಂತಾ ಆನ್ನಾ ಹಿಂದಿರುಗಿದಾಗ ಆನಾಯಾ ಅಧಿಕಾರವನ್ನು ಒಪ್ಪಿಸಿದನು.

ಆಗಸ್ಟ್ 20ರಂದು ಶತ್ರುಸೈನ್ಯವು ರಾಜಧಾನಿಯ ಬಳಿಯ ಚುರುಬುಸ್ಕೊವನ್ನು ಮುತ್ತಿತು. ಅಲ್ಲಿಯ ಕ್ರೈಸ್ತಮಠವನ್ನು ರಿಂಕೋನ್ ಮತ್ತು ಆನಾಯಾ ರಕ್ಷಿಸಿದರು. ಅವರೊಡನೆ ಐರಿಷರೇ ಹೆಚ್ಚಾಗಿದ್ದ ಸಂತ ಪ್ಯಾಟ್ರಿಕ್ ಪಡೆಯೂ ಹೋರಾಡಿತು. ಮದ್ದುಗುಂಡು ಮುಗಿಯಿತು, ಬಂದ ತೋಟಾಗಳು ಬಹುಮಟ್ಟಿಗೆ ಕೋವಿಗಳ ಅಳತೆಗೆ ಹೊಂದಲಿಲ್ಲ. ಮದ್ದುಗುಂಡನ್ನು ಒಪ್ಪಿಸೆಂದು ಕೇಳಿದ ಅಮೆರಿಕದ ಸೇನಾಪತಿ ಟ್ವಿಗ್ಸ್‌ನಿಗೆ, ಅದು ಇದ್ದಿದ್ದರೆ ನೀವು ಇಲ್ಲಿರುತ್ತಿರಲಿಲ್ಲವೆಂದು ಆನಾಯಾ ಉತ್ತರಿಸಿದನೆಂಬ ಮಾತು ಮೆಕ್ಸಿಕೊದಲ್ಲಿ ಮನೆಮಾತಾಗಿದೆ. ಅವನು ಸೆರೆಸಿಕ್ಕಿ ಅನಂತರ ಬಿಡುಗಡೆ ಹೊಂದಿದನು.

ಸೆಪ್ಟೆಂಬರಿನಲ್ಲಿ ರಾಜಧಾನಿ ಶತ್ರುವಶವಾಯಿತು. ಸಾಂತಾ ಆನ್ನಾ ಪದತ್ಯಾಗ ಮಾಡಿದನು. ಸರ್ವೋಚ್ಚ ನ್ಯಾಯಾಲಯದ ಮುಖ್ಯಸ್ಥ ಪೆನ್ಯಾ ಇ ಪೆನ್ಯಾ ಆಡಳಿತವನ್ನು ವಹಿಸಿಕೊಂಡನು. ಕೆರೆತಾರೊ ನಗರದಲ್ಲಿ ಸೇರಿದ ಶಾಸನಸಭೆಯು ನವೆಂಬರಿನಲ್ಲಿ ಆನಾಯಾನನ್ನು ಮತ್ತೊಮ್ಮೆ ಆರಿಸಿತು. ರಾಜಧಾನಿಯಿಲ್ಲ, ಬೊಕ್ಕಸವಿಲ್ಲ, ಸೈನ್ಯ ಚದುರಿದೆ. ಮಠದ ಗೋಡೆಯ ಹಿಂದೆ ಕೊನೆಯ ತೋಟಾದವರೆಗೆ ಹೋರಾಡಿದವನ ಸರ್ಕಾರವೇ ಸಂಧಾನಕಾರರನ್ನು ನೇಮಿಸಬೇಕಾಗಿ ಬಂದಿತು. 1848ರ ಜನವರಿ 8ರಂದು ಅವಧಿ ಮುಗಿಯಲು ಅಧಿಕಾರವು ಪುನಃ ಪೆನ್ಯಾನಿಗೆ ಸೇರಿತು. ಆನಾಯಾ ಅವನ ಕೈಕೆಳಗೆ ಯುದ್ಧಮಂತ್ರಿಯಾದನು. ಫೆಬ್ರವರಿ 2ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಿಂದ ಮೆಕ್ಸಿಕೊ, ಟೆಕ್ಸಾಸನ್ನೂ ಸೇರಿಸಿ ಎಣಿಸಿದರೆ, ತನ್ನ ನೆಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು.

ಆನಾಯಾ 1854ರಲ್ಲಿ ಮೃತನಾದನು. ಚುರುಬುಸ್ಕೊದ ಮಠ ಇಂದು ಪರಕೀಯ ಆಕ್ರಮಣಗಳ ವಸ್ತುಸಂಗ್ರಹಾಲಯವಾಗಿದೆ. ಸೇನಾನಿಗಳು ಬಲದಿಂದ ಅಧಿಕಾರವನ್ನು ಕಸಿಯುತ್ತಿದ್ದ ಕಾಲದಲ್ಲಿ ಸಭೆ ಕೊಟ್ಟುದನ್ನು ವಹಿಸಿ, ಅವಧಿ ತೀರಿದೊಡನೆ ಬಿಟ್ಟುಕೊಟ್ಟುದು ಅವನ ರಣಶೌರ್ಯಕ್ಕಿಂತ ಕಡಿಮೆಯ ಗುಣವಲ್ಲ.