ಜಿ.ಎಸ್.ಟಿ. ನೋಂದಣಿ: ಅರ್ಜಿ ಸಲ್ಲಿಸಿದ ಮೇಲೂ ಗಮನವಿರಲಿ

ಹೊಸದಾಗಿ ಜಿ.ಎಸ್.ಟಿ. ನೋಂದಣಿ ಬಯಸುವ ವರ್ತಕರೂ ಸಣ್ಣ ಉದ್ಯಮಿಗಳೂ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಿದೊಡನೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸುವುದುಂಟು. ಆದರೆ ಅನಂತರದ ಕೆಲವು ದಿನಗಳಲ್ಲಿ ಅರ್ಜಿಯ ಸ್ಥಿತಿಗತಿಯನ್ನು ಗಮನಿಸದಿದ್ದರೆ ನೋಂದಣಿಯೇ ಕೈತಪ್ಪಬಹುದು.

ಅರ್ಜಿಯನ್ನು ಭರ್ತಿ ಮಾಡಿ, ಅಗತ್ಯವಿರುವಲ್ಲಿ ಆಧಾರ್ ದೃಢೀಕರಣವನ್ನೂ ಪೂರೈಸಿದ ಬಳಿಕ ಎ.ಆರ್.ಎನ್. ಎಂಬ 15 ಅಂಕಾಕ್ಷರಗಳ ಅರ್ಜಿ ಉಲ್ಲೇಖ ಸಂಖ್ಯೆ ದೊರೆಯುತ್ತದೆ. ಜಿ.ಎಸ್.ಟಿ. ಜಾಲತಾಣದ ‘ಸರ್ವೀಸಸ್’ ವಿಭಾಗದ ‘ಟ್ರ್ಯಾಕ್ ಅಪ್ಲಿಕೇಷನ್ ಸ್ಟೇಟಸ್’ನಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ, ಲಾಗಿನ್ ಇಲ್ಲದೆಯೇ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು.

‘ಪೆಂಡಿಂಗ್ ಫಾರ್ ಪ್ರೊಸೆಸಿಂಗ್’ ಎಂದಿದ್ದರೆ ಅರ್ಜಿಯು ಅಧಿಕಾರಿಯ ಪರಿಶೀಲನೆಯಲ್ಲಿದೆ ಎಂದರ್ಥ. ‘ಪೆಂಡಿಂಗ್ ಫಾರ್ ಕ್ಲಾರಿಫಿಕೇಷನ್’ ಎಂದಿದ್ದರೆ ಅಧಿಕಾರಿಯು ಆರ್‌ಇಜಿ-03 ನಮೂನೆಯಲ್ಲಿ ವಿವರಣೆ ಕೇಳಿದ್ದಾರೆ. ಇದಕ್ಕೆ 7 ಕೆಲಸದ ದಿನಗಳೊಳಗೆ ಆರ್‌ಇಜಿ-04ರಲ್ಲಿ ಉತ್ತರಿಸತಕ್ಕದ್ದು. ಉತ್ತರಿಸದಿದ್ದರೆ ಅಥವಾ ಉತ್ತರ ಸಮರ್ಪಕವಾಗಿಲ್ಲದಿದ್ದರೆ ಕಾರಣಗಳನ್ನು ದಾಖಲಿಸಿ ಅರ್ಜಿಯನ್ನು ತಿರಸ್ಕರಿಸಬಹುದು.

ಅಧಿಕಾರಿಗೂ ಕಾಲಮಿತಿಯಿದೆ. ಸಾಮಾನ್ಯವಾಗಿ ಅದು 7 ಕೆಲಸದ ದಿನಗಳು. ಸ್ಥಳ ಪರಿಶೀಲನೆ ಅಗತ್ಯವಾದಾಗ 30 ದಿನಗಳು. ಈ ಅವಧಿಯಲ್ಲಿ ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ಅರ್ಜಿಯು ಮಂಜೂರಾಯಿತೆಂದೇ ಭಾವಿಸಲಾಗುವುದು. 2025ರ ನವೆಂಬರ್ 1ರಿಂದ, ಅಪಾಯದ ಸಂಭವ ಕಡಿಮೆಯೆಂದು ಗಣಕ ವ್ಯವಸ್ಥೆಯು ಗುರುತಿಸಿದ ಅರ್ಜಿಗಳಿಗೆ 3 ಕೆಲಸದ ದಿನಗಳಲ್ಲೇ ನೋಂದಣಿ ದೊರೆಯುತ್ತಿದೆ.

ಅರ್ಜಿ ತಿರಸ್ಕೃತವಾದರೆ ಹೊಸ ಅರ್ಜಿ ಸಲ್ಲಿಸಬಹುದಲ್ಲವೇ ಎಂದು ಕೇಳಬಹುದು. ಸಲ್ಲಿಸಬಹುದು, ಆದರೆ ನಷ್ಟವುಂಟು. ಜೂನ್ 1ರಂದು ನೋಂದಣಿಯ ಹೊಣೆಗೆ ಒಳಪಟ್ಟ ವರ್ತಕರೊಬ್ಬರು ಜೂನ್ 25ರಂದು ಅರ್ಜಿ ಸಲ್ಲಿಸಿದರೆನ್ನೋಣ. ನೋಟಿಸನ್ನು ಗಮನಿಸದೆ ಅರ್ಜಿ ತಿರಸ್ಕೃತವಾಗಿ, ಜುಲೈ 20ರಂದು ಹೊಸದಾಗಿ ಅರ್ಜಿ ಹಾಕಿದರೆ 30 ದಿನಗಳ ಗಡುವು ಮೀರಿರುತ್ತದೆ. ಆಗ ನೋಂದಣಿಯು ಮಂಜೂರಾದ ದಿನದಿಂದ ಮಾತ್ರ ಜಾರಿಗೆ ಬರುತ್ತದೆ. ಗಡುವಿನೊಳಗೆ ಅರ್ಜಿ ಸಲ್ಲಿಸಿದವರಿಗೆ ಮೇ 31ರಂದು ದಾಸ್ತಾನಿನಲ್ಲಿದ್ದ ಸರಕಿನ ಮೇಲೆ ದೊರೆಯುವ ಹೂಡುವಳಿ ತೆರಿಗೆ ಜಮೆ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಇವರಿಗೆ ದಕ್ಕುವುದಿಲ್ಲ. ನಡುವಿನ ಅವಧಿಯ ಮಾರಾಟದ ತೆರಿಗೆ ಹೊಣೆ ಮಾತ್ರ ತಪ್ಪುವುದಿಲ್ಲ.

ಆದುದರಿಂದ ಸಲಹೆಗಾರರ ಮೂಲಕ ಅರ್ಜಿ ಸಲ್ಲಿಸುವಾಗಲೂ ಮಾಲೀಕರು ತಮ್ಮದೇ ಮೊಬೈಲ್ ಸಂಖ್ಯೆ ಹಾಗೂ ಇ-ಮೇಲ್ ವಿಳಾಸವನ್ನು ನಮೂದಿಸುವುದು ಲೇಸು. ಎ.ಆರ್.ಎನ್. ಅನ್ನು ಬರೆದಿಟ್ಟುಕೊಂಡು ಪ್ರತಿದಿನ ಸ್ಥಿತಿಯನ್ನು ಪರಿಶೀಲಿಸಬೇಕು. ವ್ಯವಹಾರ ಸ್ಥಳದ ದಾಖಲೆಗಳಾದ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ ರಸೀದಿ ಮುಂತಾದವು ಕೈಗೆಟಕುವಂತಿದ್ದರೆ, ವಿವರಣೆ ಕೇಳಿದ ದಿನವೇ ಉತ್ತರಿಸಲು ಸಾಧ್ಯ.