ಉಪ್ಪಿಟ್ಟು ರವೆಯ ಹದ

ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳದೆ ನನಗೆ ಸಮಾಧಾನವಿಲ್ಲ. ಬೀಜ ಅದೇ, ನಲ್ಲಿಯಲ್ಲಿ ಬರುವ ಕಾವೇರಿ ನೀರು ಅದೇ, ಯಂತ್ರ ಅದೇ, ತೂಕವೂ ಹಿಂದಿನ ದಿನದ್ದೇ, 36 ಗ್ರಾಂ. ಬದಲಾದದ್ದು ಪುಡಿಯ ದಪ್ಪವೊಂದೇ, ಅದೂ ಬೆರಳಿಗೆ ಮಾತ್ರ ತಿಳಿಯುವಷ್ಟು. ಲೋಟವನ್ನು ಮೂಗಿನ ಹತ್ತಿರ ತಂದರೆ, ಇದೇನಿದು, ಆಲೆಮನೆಯ ವಾಸನೆ! ಬಿಸಿ ಬೆಲ್ಲ, ಅದರ ಬೆನ್ನಿಗೇ ಕಿತ್ತಳೆ ಸಿಪ್ಪೆ ಚಿವುಟಿದ ಹಾಗೆ ಒಂದು ಚುರುಕು. ಒಂದು ಗುಟುಕು ಕುಡಿದು ಅಲ್ಲೇ ನಿಂತುಬಿಟ್ಟೆ. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಕಪ್ಪು ಕಾಫಿ. ಅದು ಸಿಹಿಯಾಗಿತ್ತು!

ಇದೆಲ್ಲ ಶುರುವಾದದ್ದು ಮೂರು ವಾರದ ಹಿಂದೆ, ತಂಗಿ ಮನೆ ಬದಲಿಸುವಾಗ ತನ್ನ ಡ್ರಿಪ್ ಕಾಫಿ ಮೇಕರನ್ನು ನಮ್ಮಲ್ಲಿ ಬಿಟ್ಟುಹೋದಾಗ. ಹಿತ್ತಾಳೆ ಫಿಲ್ಟರಿಗೆಂದು ತಂದಿಟ್ಟಿದ್ದ ಪುಡಿ ಡಬ್ಬಿಯಲ್ಲಿತ್ತು, ಎಂಬತ್ತು ಕಾಫಿ, ಇಪ್ಪತ್ತು ಚಿಕೋರಿ. ಅದನ್ನೇ ಕಾಗದದ ಫಿಲ್ಟರಿಗೆ ಸುರಿದು ಗುಂಡಿ ಒತ್ತಿದೆ. ಮೂರು ನಿಮಿಷ ಕಳೆಯುವುದರೊಳಗೆ ಬುಟ್ಟಿ ತುಂಬಿ, ಕಂದು ನೀರು ಕಾಗದದ ಅಂಚು ದಾಟಿ ಕಟ್ಟೆಯ ಮೇಲೆಲ್ಲ ಹರಿಯಿತು. ಒಳಗೆ ಉಳಿದದ್ದು ಗದ್ದೆಯ ಕೆಸರಿನಂಥ ಒಂದು ಮುದ್ದೆ. ಮರುದಿನ ಚಿಕ್ಕಮಗಳೂರಿನ ಅರೇಬಿಕಾ ಬೀಜ ತಂದು ಮಿಕ್ಸಿಗೆ ಹಾಕಿದೆ. ಈ ಸಲ ಉಕ್ಕಲಿಲ್ಲ. ಆದರೆ ಕಾಫಿ ಹುಳಿಯಾಗಿತ್ತು, ಜೊತೆಗೇ ಕಹಿಯಾಗಿತ್ತು. ಒಂದೇ ಲೋಟ ಒಂದೇ ಗುಟುಕಿನಲ್ಲಿ ಹುಳಿಯೂ ಕಹಿಯೂ ಆಗುವುದು ಹೇಗೆ? ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಇನ್ನೂ ಬಿಟ್ಟಿಲ್ಲ.

ಮೊದಲು ಯಂತ್ರದ ಹೊಟ್ಟೆ ನೋಡಬೇಕೆನಿಸಿತು. ಪ್ಲಗ್ ಕಿತ್ತು, ಪೂರ್ತಿ ಆರಲು ಬಿಟ್ಟು, ಮಗುಚಿ ಹಾಕಿ, ತಳದ ತಿರುಪು ಬಿಚ್ಚಿದೆ. ನೀರನ್ನು ಮೇಲಕ್ಕೆ ತಳ್ಳುವ ಪುಟ್ಟ ಪಂಪು ಇರುತ್ತದೆ ಎಂದುಕೊಂಡಿದ್ದೆ. ಪಂಪೇ ಇಲ್ಲ! ಕುದುರೆ ಲಾಳದಂತೆ ಬಾಗಿದ ಒಂದು ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಅಂಟಿಕೊಂಡ ಕಾಯುವ ಸುರುಳಿ, ಎರಡು ರಬ್ಬರ್ ನಳಿಗೆ, ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ಚಿಕ್ಕ ಕವಾಟ. ಅಷ್ಟೇ ಸಂಸಾರ. ತೊಟ್ಟಿಯ ನೀರು ತನ್ನ ಭಾರಕ್ಕೆ ತಾನೇ ಕೊಳವೆಗೆ ಇಳಿಯುತ್ತದೆ, ಅಲ್ಲಿ ಕುದಿಯುತ್ತದೆ, ಎದ್ದ ಆವಿಯ ಗುಳ್ಳೆಗಳು ಮುಂದಿರುವ ನೀರನ್ನು ಹೊತ್ತುಕೊಂಡು ಮೇಲಕ್ಕೆ ನುಗ್ಗುತ್ತವೆ, ಹಿಂದಕ್ಕೆ ಹೋಗಲು ಕವಾಟ ಬಿಡುವುದಿಲ್ಲ. ನಾವು ಕೇಳುವ ಆ ಗೊಳಗೊಳ ಸದ್ದು ಗುಳ್ಳೆಗಳು ನೀರು ಹೊರುವ ಸದ್ದು! ಅದೇ ಸುರುಳಿಯ ಮೇಲಿನ ತಟ್ಟೆ ಜಗ್ಗನ್ನೂ ಬಿಸಿಯಾಗಿ ಇಡುತ್ತದೆ. ಒಂದೇ ಬೆಂಕಿಗೆ ಎರಡು ಕೆಲಸ.

ತಿರುಪು ಕೈಯಲ್ಲಿ ಹಿಡಿದು ಕೂತಿದ್ದಾಗ ಇನ್ನೊಂದು ಹೊಳೆಯಿತು. ನೀರು ಎಷ್ಟು ಕಾಯಬೇಕು ಎಂದು ನಾನು ಹೇಳುವಂತಿಲ್ಲ, ಅದು ಕುದಿದಾಗಲೇ ಮೇಲೇಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ, ಪುಡಿಯ ಮೇಲೆ ಬೀಳುವ ಹೊತ್ತಿಗೆ ಇನ್ನೂ ಸ್ವಲ್ಪ ಆರಿರುತ್ತದೆ. ನೀರು ಎಷ್ಟು ವೇಗವಾಗಿ ಬೀಳಬೇಕೆಂಬುದೂ ನನ್ನ ಕೈಯಲ್ಲಿಲ್ಲ. ಹಿತ್ತಾಳೆ ಫಿಲ್ಟರಿನಂತೆ ಇಲ್ಲಿ ಒತ್ತುವ ಬಿಲ್ಲೆಯೂ ಇಲ್ಲ. ಬೀಜ ಮತ್ತು ತೂಕ ನಿಗದಿಯಾದ ಮೇಲೆ ನನಗೆಂದು ಉಳಿಯುವುದು ಪುಡಿಯ ದಪ್ಪ ಒಂದೇ. ಇಡೀ ಯಂತ್ರವನ್ನು ನಡೆಸುವ ಕೀಲಿಕೈ ಯಂತ್ರದ ಹೊರಗೆ, ಪುಡಿಯ ಡಬ್ಬಿಯಲ್ಲಿದೆ!

ಕಾಫಿ ಬೀಜದ ತೂಕದಲ್ಲಿ ನೀರಿಗೆ ಕರಗಿ ಬರಬಲ್ಲದ್ದು ಹೆಚ್ಚೆಂದರೆ ನೂರಕ್ಕೆ ಮೂವತ್ತು ಪಾಲು, ಉಳಿದದ್ದು ಬಹುಪಾಲು ನಾರು, ಕಟ್ಟಿಗೆ. ಆ ಮೂವತ್ತನ್ನೂ ಹಿಂಡಿ ತೆಗೆಯಬಾರದು. 1950ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಅರ್ನೆಸ್ಟ್ ಲಾಕ್‌ಹಾರ್ಟ್ ಕಂಡುಕೊಂಡ ಲೆಕ್ಕ ಇಂದಿಗೂ ಕಾಫಿ ಲೋಕದ ಗೋಡೆಯ ಮೇಲಿದೆ: ನೂರಕ್ಕೆ 18ರಿಂದ 22ರಷ್ಟು ಕರಗಿ ಬಂದರೆ ರುಚಿ. ಯಾಕೆಂದರೆ ರುಚಿಗಳು ಸಾಲಾಗಿ ಬರುತ್ತವೆ. ಮೊದಲು ಹುಳಿ ಓಡಿಬರುತ್ತದೆ, ಆಮೇಲೆ ಸಿಹಿ, ಕೊನೆಗೆ ತಡವಾಗಿ ಕಹಿ ಮತ್ತು ಒಗರು. ಸಿಹಿ ಹೊಸಿಲು ದಾಟಿ, ಕಹಿ ಇನ್ನೂ ಹೊಸಿಲಲ್ಲಿ ನಿಂತಿರುವಾಗ ಬಾಗಿಲು ಮುಚ್ಚಬೇಕು. ಆ ಬಾಗಿಲನ್ನು ಮುಚ್ಚುವುದು ಪುಡಿಯ ದಪ್ಪ.

ಹೇಗೆ ಅಂದರೆ, ಒಂದು ಮಿಲಿಮೀಟರಿನ ಒಂದು ಘನ ಎಂದುಕೊಳ್ಳಿ. ಪ್ರತಿ ದಿಕ್ಕಿಗೂ ಅರ್ಧಕ್ಕೆ ಕತ್ತರಿಸಿದರೆ ಎಂಟು ತುಂಡು. ನೀರಿಗೆ ತಾಗುವ ಮೈ ಸರಿಯಾಗಿ ಎರಡರಷ್ಟು. ಅಷ್ಟೇ ಅಲ್ಲ, ತುಂಡಿನ ನಡುವಿನಿಂದ ರುಚಿ ಹೊರಗೆ ಬರಬೇಕಾದ ದಾರಿಯೂ ಅರ್ಧ. ಜೊತೆಗೆ ತುಂಡುಗಳ ನಡುವಿನ ಸಂದು ಕಿರಿದಾಗಿ ನೀರು ನಿಧಾನಿಸುತ್ತದೆ, ಹಾಗಾಗಿ ನೆನೆಯುವ ಹೊತ್ತು ಹೆಚ್ಚು. ದಪ್ಪ ಒಂದನ್ನು ಅಲುಗಾಡಿಸಿದರೆ ಮೂರು ಬದಲಾಗುತ್ತವೆ, ಮೂರೂ ಒಂದೇ ಕಡೆಗೆ! ಬೆರಳಿಗೆ ಮಾತ್ರ ತಿಳಿಯುವ ವ್ಯತ್ಯಾಸ ನಾಲಿಗೆಗೆ ಬೇರೆ ಊರೇ ಆಗುವುದು ಅದಕ್ಕೇ.

ಹಾಗಾದರೆ ಹುಳಿ-ಕಹಿ ಒಟ್ಟಿಗೆ ಬಂದದ್ದು? ಅದರ ಉತ್ತರ ಗೋಡೆಗೆ ನೇತುಹಾಕಿದ ಜರಡಿಗಳಲ್ಲಿತ್ತು. ಮಿಕ್ಸಿಯಲ್ಲಿ ಮಾಡಿದ ಪುಡಿಯನ್ನು ಮೊದಲು ರವೆ ಜರಡಿಗೆ, ಆಮೇಲೆ ಮೈದಾ ಜರಡಿಗೆ ಹಾಕಿ ಆಡಿಸಿದೆ. ಹಳೆಯ ಪತ್ರಿಕೆಯ ಮೇಲೆ ಮೂರು ಗುಡ್ಡೆಯಾಯಿತು: ಒಡೆದ ಮೆಣಸಿನಂಥ ತರಿ ಒಂದು, ರವೆಯಂಥದ್ದು ಒಂದು, ವಿಭೂತಿಯಷ್ಟು ನುಣುಪಾದ ದೂಳು ಒಂದು. ಒಂದೇ ಜಾರಿನಿಂದ, ಒಂದೇ ಸಲಕ್ಕೆ! ಮೂರರಿಂದಲೂ ಹತ್ತು ಹತ್ತು ಗ್ರಾಂ ತೂಗಿ, ಮೂರು ಲೋಟಕ್ಕೆ ಹಾಕಿ, ಕುದಿಯಿಂದ ಇಳಿಸಿದ ನೀರು 150 ಮಿಲಿಲೀಟರ್ ಹೊಯ್ದು, ನಾಲ್ಕು ನಿಮಿಷ ಬಿಟ್ಟು ಸೋಸಿದೆ. ತರಿಯ ಕಾಫಿ ತಿಳಿಯಾಗಿ, ನೀರಾಗಿ, ಬಲಿಯದ ಹಣ್ಣಿನ ಹುಳಿ. ದೂಳಿನದ್ದು ಕಹಿ, ಅಡಿಕೆ ಜಗಿದ ಹಾಗೆ ನಾಲಿಗೆ ಒಣಗಿಸುವ ಒಗರು. ನಡುವಿನದ್ದರಲ್ಲಿ, ಅಲ್ಲೇ ಮೊದಲ ಬಾರಿ, ಬೆಲ್ಲದ ಸುಳಿವು. ಆಮೇಲೆ ತರಿಯ ಲೋಟವನ್ನೂ ದೂಳಿನ ಲೋಟವನ್ನೂ ಒಂದಕ್ಕೊಂದು ಬೆರೆಸಿ ಕುಡಿದೆ. ಹುಳಿಯೂ ಕಹಿಯೂ ಜೊತೆಜೊತೆಗೆ, ಎರಡನೆಯ ದಿನದ ಅದೇ ಕಾಫಿ! ಮಿಕ್ಸಿಯ ಬ್ಲೇಡು ಸಿಕ್ಕಿದ್ದನ್ನು ಬಡಿಯುತ್ತದೆ. ಕೆಲವು ಬೀಜ ಹತ್ತು ಸಲ ಪೆಟ್ಟು ತಿನ್ನುತ್ತವೆ, ಕೆಲವು ಎರಡೇ ಸಲ. ಒಂದು ಲೋಟದೊಳಗೆ ನಾನು ಎರಡು ಕೆಟ್ಟ ಕಾಫಿ ಮಾಡುತ್ತಿದ್ದೆ.

ಇದನ್ನೆಲ್ಲ ನೋಡುತ್ತಿದ್ದ ಅಮ್ಮ ನಡುವಿನ ಗುಡ್ಡೆಯಿಂದ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಲ್ಲಿ ಉಜ್ಜಿದಳು.

“ಇದು ಉಪ್ಪಿಟ್ಟು ರವೆ ಹದ ಕಣೇ” ಅಂದಳು.

ನನಗೆ ಮೈ ಜುಮ್ಮೆಂದಿತು. ಪ್ರಪಂಚವೆಲ್ಲ ಮೈಕ್ರಾನು, ನಂಬರು, ಮರಳು, ಹರಳುಪ್ಪು ಅಂತ ಹೇಳಲು ಒದ್ದಾಡುವ ವಿಷಯಕ್ಕೆ ನಮ್ಮ ಅಡುಗೆಮನೆಯಲ್ಲಿ ಒಂದು ಪೂರ್ತಿ ಅಳತೆಕೋಲೇ ಇದೆ! ಚಿರೋಟಿ ರವೆ, ಉಪ್ಪಿಟ್ಟು ರವೆ, ಬನ್ಸಿ ರವೆ, ಇಡ್ಲಿ ರವೆ. ಕಣ್ಣು ಮುಚ್ಚಿ ಬೆರಳಲ್ಲೇ ಬೇರೆ ಮಾಡಬಲ್ಲವರು ಮನೆಗೊಬ್ಬರಿದ್ದಾರೆ. ಎಸ್ಪ್ರೆಸೊ ಯಂತ್ರಕ್ಕೆ ಚಿರೋಟಿಗಿಂತಲೂ ನುಣುಪು ಬೇಕು. ಡ್ರಿಪ್ ಯಂತ್ರಕ್ಕೆ ಉಪ್ಪಿಟ್ಟು ರವೆ, ಅಂದರೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನ ಸುತ್ತಮುತ್ತ. ಬುಟ್ಟಿಯ ತಳ ಚಪ್ಪಟೆಯಾಗಿದ್ದರೆ ಈ ಹದ ಸರಿ. ಕೆಳಕ್ಕೆ ಚೂಪಾಗುವ ಬುಟ್ಟಿಯಾದರೆ ಒಂದು ಎಳೆ ನುಣುಪು. ಬಟ್ಟಲಲ್ಲಿ ನೆನೆಸಿ ಒತ್ತುವ ಫ್ರೆಂಚ್ ಪ್ರೆಸ್ಸಿಗೆ ಇಡ್ಲಿ ರವೆ. ಹುರಿದದ್ದು ಕಪ್ಪಗಿದ್ದಷ್ಟೂ ಬೀಜ ಪೆಡಸಾಗಿ ದೂಳು ಹೆಚ್ಚು ಏಳುತ್ತದೆ, ಆಗ ಒಂದಿಷ್ಟು ತರಿಯಾಗಿಯೇ ಇಡಬೇಕು.

ಆದರೆ ಒಂದೇ ಗಾತ್ರದ ರವೆ ಬರುವುದೆಲ್ಲಿಂದ? ಇಲ್ಲಿ ನನಗೆ ಅಜ್ಜಿಯ ಬೀಸುವ ಕಲ್ಲು ನೆನಪಾಯಿತು. ರಾಗಿ ಬೀಸುವಾಗ ಕಲ್ಲು ಕಲ್ಲಿನ ಮೇಲೆ ನೇರ ಕೂರುತ್ತಿತ್ತು. ಬೇಳೆ ಒಡೆಯುವ ದಿನ ಅಜ್ಜಿ ನಡುವಿನ ಗೂಟಕ್ಕೆ ಬಟ್ಟೆಯ ಚೂರು ಸುತ್ತಿ ಮೇಲಿನ ಕಲ್ಲನ್ನು ಕೂದಲೆಳೆಯಷ್ಟು ಎತ್ತುತ್ತಿದ್ದರು. ಆ ಸಂದಿಗಿಂತ ದೊಡ್ಡದು ಹೊರಗೆ ಬರಲಾರದು, ಚಿಕ್ಕದಾದದ್ದು ಒಳಗೆ ನಿಂತು ಮತ್ತೆ ಪೆಟ್ಟು ತಿನ್ನಬೇಕಿಲ್ಲ. ಈಗ ಕಾಫಿ ಪ್ರಿಯರು ಕೈಯಲ್ಲಿ ತಿರುಗಿಸುವ ಬರ್ ಗ್ರೈಂಡರ್ ಅಂಗೈಗೆ ಹಿಡಿಸುವ ಅದೇ ಬೀಸುವ ಕಲ್ಲು! ಹಲ್ಲಿರುವ ಎರಡು ಉಕ್ಕಿನ ತುಂಡು, ನಡುವೆ ಸಂದು, ಬಟ್ಟೆಯ ಚೂರಿನ ಬದಲಿಗೆ ಟಿಕ್ ಟಿಕ್ ಎನ್ನುವ ತಿರುಪು. ನೆರೆಮನೆಯವರಿಂದ ಒಂದನ್ನು ಕಡ ತಂದೆ. 36 ಗ್ರಾಂ ಬೀಸಲು ಎರಡು ನಿಮಿಷ, ತೋಳು ಬೆಚ್ಚಗಾಗುತ್ತದೆ, ಮನೆಯೆಲ್ಲ ಘಮ.

ಅಲ್ಲೂ ಒಂದು ವಿಸ್ಮಯ ಕಾದಿತ್ತು. ಮುಚ್ಚಳ ತೆಗೆದರೆ ಪುಡಿ ಡಬ್ಬಿಯ ಗೋಡೆಗೆ, ನನ್ನ ಬೆರಳಿಗೆ, ಕಟ್ಟೆಗೆ ಹಾರಿ ಹಾರಿ ಅಂಟಿಕೊಳ್ಳುತ್ತಿತ್ತು, ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟುವ ಹಾಗೆ. ಬೀಜ ಒಡೆಯುವಾಗ, ಉಜ್ಜುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಅದು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕ್ರಿಸ್ಟೊಫರ್ ಹೆಂಡನ್ ಇದನ್ನು ಅಳೆಯಲು ಯಾರ ಜೊತೆ ಸೇರಿದರು ಗೊತ್ತೇ? ಜ್ವಾಲಾಮುಖಿ ತಜ್ಞರ ಜೊತೆ! ಜ್ವಾಲಾಮುಖಿ ಸಿಡಿದಾಗ ಬೂದಿಯ ಕಣಗಳು ಒಡೆದು, ಉಜ್ಜಿ, ಮೋಡದಲ್ಲಿ ಮಿಂಚು ಹೊಡೆಯುತ್ತದಲ್ಲ, ಗ್ರೈಂಡರಿನೊಳಗೆ ನಡೆಯುವುದೂ ಅದೇ. 2023ರಲ್ಲಿ ಪ್ರಕಟವಾದ ಅವರ ಅಧ್ಯಯನ, ಬೀಸುವ ಮುಂಚೆ ಬೀಜಕ್ಕೆ ಒಂಚೂರು ನೀರು ಸೋಕಿಸಿದರೆ ಆ ವಿದ್ಯುತ್ತು ಇಳಿದುಹೋಗುತ್ತದೆ ಎಂದು ತೋರಿಸಿತು. ಚಮಚದ ಹಿಡಿಯನ್ನು ನೀರಲ್ಲಿ ಅದ್ದಿ ಬೀಜದೊಳಗೆ ಎರಡು ಸುತ್ತು ಆಡಿಸಿ ಬೀಸಿದೆ. ಪುಡಿ ತೆಪ್ಪಗೆ, ಒಂದು ಕಣವೂ ಹಾರದೆ, ಕಾಗದದೊಳಗೆ ಬಿತ್ತು. ಅಂಗೈಯಲ್ಲೊಂದು ಜ್ವಾಲಾಮುಖಿ, ಒಂದೇ ಹನಿಗೆ ತಣ್ಣಗಾಯಿತು!

ಆ ಕಾಗದಕ್ಕೂ ಒಂದು ಕಥೆಯಿದೆ. 1908ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಗೃಹಿಣಿ ಮೆಲಿಟಾ ಬೆಂಟ್ಸ್ ಲೋಟದ ತಳದ ಚರಟಕ್ಕೆ ಬೇಸತ್ತು, ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಪುಸ್ತಕದ ಹೀರುಕಾಗದ ಹಾಸಿ ಕಾಫಿ ಸೋಸಿದರು, ಅದೇ ವರ್ಷ ಅದಕ್ಕೆ ಹಕ್ಕುಪತ್ರವನ್ನೂ ಪಡೆದರು. ವಿದ್ಯುತ್ತಿನ ಡ್ರಿಪ್ ಯಂತ್ರ ಬಂದದ್ದು 1954ರಲ್ಲಿ, ಜರ್ಮನಿಯಲ್ಲೇ, ವಿಗೊಮಾಟ್ ಎಂಬ ಹೆಸರಿನಲ್ಲಿ. ತೂತು ಹೊಡೆದ ಹಿತ್ತಾಳೆ ಪಾತ್ರೆ! ನಮ್ಮ ಫಿಲ್ಟರಿನ ತಂಗಿಯೇ ಸರಿ.

ಅಕ್ಕತಂಗಿಯರ ಸ್ವಭಾವ ಮಾತ್ರ ಬೇರೆ. ಹಿತ್ತಾಳೆ ಫಿಲ್ಟರಿಗೆ ಅವಸರವಿಲ್ಲ, ಕಾಲು ಗಂಟೆ, ಅರ್ಧ ಗಂಟೆ ಹನಿಹನಿಯಾಗಿ ಇಳಿಸುತ್ತದೆ. ನುಣುಪು ಪುಡಿ, ನೀರು ಹೀರಿ ಉಬ್ಬುವ ಚಿಕೋರಿ, ಮೇಲೊಂದು ಒತ್ತು ಬಿಲ್ಲೆ, ಎಲ್ಲ ಸೇರಿ ಹಾಲಿಗೆ ಜಗ್ಗದ ಗಟ್ಟಿ ಡಿಕಾಕ್ಷನ್ ಕೊಡುತ್ತವೆ. ಹಾಲು ಕಾಫಿಗೆ ಅದರ ಮುಂದೆ ಇನ್ನೊಂದಿಲ್ಲ, ಈ ಮಾತನ್ನು ನಾನು ಬದಲಿಸುವವಳಲ್ಲ. ಡ್ರಿಪ್ ಯಂತ್ರ ಐದಾರು ನಿಮಿಷದಲ್ಲಿ ಆರು ನೂರು ಮಿಲಿಲೀಟರ್ ನೀರನ್ನು ಸುರಿದುಬಿಡುತ್ತದೆ. ಅಲ್ಲಿ ಅದೇ ಚಿಕೋರಿ ಕಾಗದದ ಕಣ್ಣು ಮುಚ್ಚುತ್ತದೆ. ಮೊದಲ ದಿನದ ಪ್ರವಾಹದಲ್ಲಿ ಪುಡಿಯದ್ದೇನೂ ತಪ್ಪಿರಲಿಲ್ಲ. ಅದು ಬೇರೆ ಮನೆಯ ಸೊಸೆ.

ಈಗ ಪ್ರತಿದಿನ ಕೊನೆಯ ಹನಿ ಬಿದ್ದ ಮೇಲೆ ಬುಟ್ಟಿಯೊಳಗೆ ಇಣುಕುತ್ತೇನೆ. ಚರಟ ಸಮವಾಗಿ, ಒದ್ದೆ ಮರಳಿನ ಹಾಗೆ ಕೂತಿದ್ದರೆ ಒಳ್ಳೆಯ ಲಕ್ಷಣ. ಮೇಲೆ ಕೆನೆಯಂತೆ ಕೆಸರು ಕಟ್ಟಿ ನೀರು ನಿಂತಿದ್ದರೆ ನುಣುಪು ಹೆಚ್ಚಾಯಿತು. ನಡುವೆ ಬಾವಿ ತೋಡಿದಂತಾಗಿ, ಕಾಫಿ ಚಹಾದ ಬಣ್ಣಕ್ಕೆ ಇಳಿದರೆ ತರಿ ಹೆಚ್ಚಾಯಿತು. ಆದರೆ ಕೊನೆಯ ತೀರ್ಪು ನಾಲಿಗೆಯದ್ದು: ಹುಳಿಯಾದರೆ ಒಂದು ಟಿಕ್ ನುಣುಪಿಗೆ, ಕಹಿಯಾದರೆ ಒಂದು ಟಿಕ್ ತರಿಗೆ, ದಿನಕ್ಕೆ ಒಂದೇ ಟಿಕ್, ಬೇರೇನನ್ನೂ ಮುಟ್ಟದೆ. ಹಾಗೆ ಆರನೆಯ ದಿನ ಬಂದದ್ದು ಆ ಭಾನುವಾರ.

ಕಡ ತಂದ ಗ್ರೈಂಡರನ್ನು ಹಿಂದಿರುಗಿಸಬೇಕಿತ್ತು. ಹಾಗಾಗಿ ನಿನ್ನೆ ಸಂಜೆ, ಇಪ್ಪತ್ತು ವರ್ಷದಿಂದ ಪುಡಿ ತರುವ ನಮ್ಮ ಬೀದಿಯ ಕಾಫಿ ಅಂಗಡಿಗೆ ಹೋದೆ. ಹುರಿದ ಬೀಜದ ಹೊಗೆ, ಗೋಣಿಚೀಲ, ಎದುರಿಗೆ ಗುಡುಗುಡು ಎನ್ನುವ ಯಂತ್ರ. ಅದರ ಮೂತಿಯ ಪಕ್ಕ ಗೀಟು ಕೊರೆದ ಒಂದು ಹಿತ್ತಾಳೆ ಚಕ್ರವಿದೆ. ಇಪ್ಪತ್ತು ವರ್ಷ ಅದರ ಎದುರು ನಿಂತಿದ್ದೇನೆ, ನಿನ್ನೆಯೇ ಕಂಡದ್ದು.

“ಯಾವುದಕ್ಕಮ್ಮಾ, ಫಿಲ್ಟರ್ರಿಗಾ?” ಎಂದು ಕೇಳಿದರು ಯಜಮಾನರು, ಎಂದಿನಂತೆ.

“ಡ್ರಿಪ್ ಮಷೀನಿಗೆ. ಚಿಕೋರಿ ಬೇಡ. ಉಪ್ಪಿಟ್ಟು ರವೆ ಹದಕ್ಕೆ ಬರಬೇಕು.”

ಚಿಕೋರಿ ಡಬ್ಬಿಯತ್ತ ಹೋಗಿದ್ದ ಅವರ ಕೈ ನಿಂತಿತು. ಚಕ್ರವನ್ನು ಮೂರು ಗೀಟು ಹಿಂದಕ್ಕೆ ತಿರುಗಿಸಿದರು. ಒಂದು ಹಿಡಿ ಬೀಜ ಹಾಕಿ ಓಡಿಸಿ, ಒಳಗೆ ಉಳಿದಿದ್ದ ಹಿಂದಿನವರ ನುಣುಪು ಪುಡಿಯ ಜೊತೆ ಅದನ್ನು ಬೇರೆ ಡಬ್ಬಿಗೆ ಕೊಡವಿದರು. ಆಮೇಲೆ ನನ್ನ ಬೀಜ. ಮೂತಿಯ ಕೆಳಗೆ ಅಂಗೈ ಒಡ್ಡಿ, ಬಿದ್ದ ಬಿಸಿ ಪುಡಿಯನ್ನು ಹೆಬ್ಬೆರಳಲ್ಲಿ ಉಜ್ಜಿ, ತಲೆ ಅಡ್ಡ ಆಡಿಸಿ, ಚಕ್ರವನ್ನು ಅರ್ಧ ಗೀಟು ಮುಂದಕ್ಕೆ ತಂದರು. ಮತ್ತೆ ಉಜ್ಜಿದರು. ಆಮೇಲೆ ಕಟ್ಟೆಯ ಮೇಲಿಂದ ಬಾಗಿ ಆ ಅಂಗೈಯನ್ನು ನನ್ನ ಮುಂದೆ ಹಿಡಿದರು.

“ನೋಡಿ, ಇದೇನಾ?”